ತೆಗೆದು ಹಾಕೋ ಕ್ಲಿಪ್: ದುಡ್ಡು ಕಟ್ಟೋಕೆ ಮುಂಚೆ ಡಾಕ್ಟ್ರು ಯಾರು ಅಂತ ಕೇಳಿ

ಹಲ್ಲು ನೆಟ್ಟಗೆ ಮಾಡಿಸೋ ವಿಷಯದಲ್ಲಿ ಈಗ ಎರಡು ಥರದ ಸುದ್ದಿ ಒಟ್ಟೊಟ್ಟಿಗೆ ಕಣ್ಣಿಗೆ ಬೀಳ್ತಿವೆ, ಎರಡನ್ನೂ ಓದಿದವರಿಗೆ ಯಾವುದನ್ನ ನಂಬಬೇಕು ಅಂತ ಗೊತ್ತಾಗ್ತಿಲ್ಲ. ಒಂದು ಕಡೆ ಫೋನ್ ತೆಗೆದ್ರೆ ಸಾಕು, ಕಂಬಿ ಬೇಡ, ನೋವಿಲ್ಲ, ಕೆಲವೇ ತಿಂಗಳು, ತಿಂಗಳಿಗೆ ಇಷ್ಟೇ ಕಂತು ಅನ್ನೋ ಜಾಹೀರಾತು. ಇನ್ನೊಂದು ಕಡೆ ಇದೇ ಅಲೈನರ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ ಕ್ಲಿಪ್ಪನ್ನ ಮನೆಗೇ ಕಳಿಸ್ತಿದ್ದ ಅಮೆರಿಕದ ದೊಡ್ಡ ಕಂಪನಿ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಲ್ಲಿ ಬಾಗಿಲು ಹಾಕ್ತು, ಮುಂದಿನ ವರ್ಷ ಅಕ್ಟೋಬರಲ್ಲಿ ಬೈಟ್ ಅನ್ನೋ ಬ್ರಾಂಡಿನ ಅಲೈನರ್ ಮಾರಾಟವನ್ನ ಅದರ ಮಾಲೀಕ ಕಂಪನಿಯೇ ನಿಲ್ಲಿಸ್ತು. ಹಂಗಾದ್ರೆ ಈ ಕ್ಲಿಪ್ಪೇ ಬೋಗಸ್ಸಾ? ಮೈಸೂರಲ್ಲಿ ಹಲ್ಲಿನ ಡಾಕ್ಟ್ರೇ ಹಾಕ್ತಾರಲ್ಲ, ಅದೂ ಇದೇನಾ?

ಕ್ಲಿಪ್ ಬೋಗಸ್ ಅಲ್ಲ, ಸರಿಯಾದ ಬಾಯಿಗೆ ಸರಿಯಾದವರು ಹಾಕಿದ್ರೆ ಕೆಲಸ ಮಾಡತ್ತೆ. ಕುಸಿದಿದ್ದು ಡಾಕ್ಟ್ರು ಬಾಯಿ ನೋಡದೇನೇ ಹಲ್ಲು ಸರಿಸಬಹುದು ಅನ್ನೋ ವ್ಯಾಪಾರ. ಇವೆರಡರ ನಡುವಿನ ವ್ಯತ್ಯಾಸ ತಿಳ್ಕೊಂಡ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ.

ಇದು ಇಷ್ಟು ಬೇಗ ಹಬ್ಬಿದ್ದು ಹೆಂಗೆ

ತೆಗೆದು ಹಾಕೋ ಕ್ಲಿಪ್ ಹೊಸದೇನಲ್ಲ. ಅಂಗುಳಕ್ಕೆ ಅಂಟಿಕೊಳ್ಳೋ ಗುಲಾಬಿ ಬಣ್ಣದ ಪ್ಲೇಟು, ಮುಂದೆ ಒಂದು ತಂತಿ, ಸ್ಕೂಲ್ ಮಕ್ಕಳ ಬಾಯಲ್ಲಿ ಬಹಳ ಜನ ನೋಡಿರ್ತೀರಿ. ಪಾರದರ್ಶಕ ಅಲೈನರ್ ಬಂದಿದ್ದು ಅಲೈನ್ ಟೆಕ್ನಾಲಜಿ ಅನ್ನೋ ಕಂಪನಿಯಿಂದ, 1997ರಲ್ಲಿ ಅಮೆರಿಕದಲ್ಲಿ ಜಿಯಾ ಚಿಶ್ತಿ ಮತ್ತೆ ಕೆಲ್ಸಿ ವರ್ತ್ ಅನ್ನೋರು ಶುರು ಮಾಡಿದ್ದು, ಅದರ ಬ್ರಾಂಡೇ ಇನ್ವಿಸಲೈನ್. ಚಿಶ್ತಿ ದೊಡ್ಡವರಾದ ಮೇಲೆ ಕಂಬಿ ಕ್ಲಿಪ್ ಹಾಕಿಸ್ಕೊಂಡವರು. ಅದು ಮುಗಿದ ಮೇಲೆ, ಹಲ್ಲು ವಾಪಸ್ ಸರಿಯದ ಹಾಗೆ ಹಿಡಿದಿಡೋಕೆ ಕೊಟ್ಟ ರಿಟೇನರನ್ನ ಕೆಲವು ದಿನ ಬಿಟ್ಟು ಮತ್ತೆ ಹಾಕಿದಾಗ ಸರಿದಿದ್ದ ಹಲ್ಲು ವಾಪಸ್ ಜಾಗಕ್ಕೆ ಬಂತು, ಹಂಗಾದ್ರೆ ಒಂದರ ಹಿಂದೆ ಒಂದು ಬೇರೆ ಬೇರೆ ಅಚ್ಚಿನ ಪ್ಲಾಸ್ಟಿಕ್ ಹಾಕ್ತಾ ಹೋದ್ರೆ ಹಲ್ಲನ್ನ ಬೇಕಾದ ಕಡೆ ತಗೊಂಡು ಹೋಗಬಹುದಲ್ಲ ಅನ್ನೋದು ಅವರ ಯೋಚನೆ.

ಸುಮಾರು ಇಪ್ಪತ್ತು ವರ್ಷ ಈ ತಂತ್ರ ಹೆಚ್ಚುಕಮ್ಮಿ ಆ ಒಂದೇ ಕಂಪನಿ ಕೈಲಿತ್ತು, ಪೇಟೆಂಟ್ ಕಾರಣಕ್ಕೆ. 2017ರಲ್ಲಿ ಅದರ ಮುಖ್ಯವಾದ ಪೇಟೆಂಟುಗಳ ಅವಧಿ ಮುಗೀತು. ಅಷ್ಟೊತ್ತಿಗೆ ಬಾಯೊಳಗೆ ಇಡೋ ಸ್ಕ್ಯಾನರ್, 3ಡಿ ಪ್ರಿಂಟರ್ ಎರಡೂ ಅಗ್ಗ ಆಗಿದ್ವು. ಹಾಗಾಗಿ ಪ್ರಪಂಚದ ಎಲ್ಲಾ ಕಡೆ, ನಮ್ಮ ದೇಶದಲ್ಲೂ, ಹೊಸ ಕಂಪನಿಗಳು ಹುಟ್ಟಿಕೊಂಡ್ವು. ಬೆಲೆ ಇಳೀತು, ಪೈಪೋಟಿ ಜಾಸ್ತಿ ಆಯ್ತು, ಆ ಪೈಪೋಟಿಯಲ್ಲೇ ಕೆಲವರು ಡಾಕ್ಟ್ರ ಖರ್ಚನ್ನೂ ಉಳಿಸಬಹುದಲ್ಲ ಅಂತ ಯೋಚನೆ ಮಾಡಿದ್ರು.

ಹಲ್ಲು ಸರಿಯೋದು ಮೂಳೆಯೊಳಗೆ

ಹಲ್ಲು ಗೋಡೆಗೆ ಹೊಡೆದ ಮೊಳೆ ಥರ ಬಿಗಿಯಾಗಿ ಕೂತಿರಲ್ಲ. ಬೇರಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆ ಇರತ್ತೆ, ಅದರಾಚೆ ದವಡೆ ಮೂಳೆ. ಹಲ್ಲನ್ನ ಒಂದು ಕಡೆಗೆ ಮೆತ್ತಗೆ, ಬಿಡದೆ ಒತ್ತುತಾ ಇದ್ರೆ ಒತ್ತಡ ಬೀಳೋ ಕಡೆ ಮೂಳೆ ಕರಗತ್ತೆ, ಎಳೆತ ಇರೋ ಕಡೆ ಹೊಸ ಮೂಳೆ ಕಟ್ಟತ್ತೆ, ಹಲ್ಲು ನಿಧಾನಕ್ಕೆ ಜಾಗ ಬದಲಾಯಿಸತ್ತೆ. ಕಂಬಿ ಕ್ಲಿಪ್ಪಾಗಲಿ ಪ್ಲಾಸ್ಟಿಕ್ ಆಗಲಿ, ಒಳಗೆ ನಡೆಯೋದು ಇದೇ. ಅಲೈನರಿನ ಒಂದೊಂದು ಟ್ರೇ, ಅಂದ್ರೆ ಒಂದೊಂದು ಅಚ್ಚಿನ ಪ್ಲಾಸ್ಟಿಕ್ ಕ್ಲಿಪ್, ಸಾಮಾನ್ಯವಾಗಿ ಹಲ್ಲನ್ನ ಕಾಲು ಮಿಲಿಮೀಟರಿನಷ್ಟು ಮಾತ್ರ ಸರಿಸೋ ಲೆಕ್ಕದಲ್ಲಿ ಮಾಡಿರ್ತಾರೆ, ವಾರಕ್ಕೋ ಎರಡು ವಾರಕ್ಕೋ ಒಂದು ಬದಲಾಯಿಸಬೇಕು.

ಅಂದ್ರೆ ಕನ್ನಡಿಯಲ್ಲಿ ಕಾಣೋದು ಹಲ್ಲು ಸರಿಯೋದು, ನಿಜವಾಗಿ ಕೆಲಸ ನಡೀತಿರೋದು ಮೂಳೆಯಲ್ಲಿ, ವಸಡಲ್ಲಿ. ಅಲ್ಲಿ ಮೂಳೆ ಎಷ್ಟಿದೆ, ವಸಡು ಗಟ್ಟಿ ಇದ್ಯಾ ಅಂತ ಗೊತ್ತಿಲ್ಲದೆ ಒತ್ತಡ ಹಾಕಿದ್ರೆ ತೊಂದರೆ ಶುರುವಾಗೋದೇ ಅಲ್ಲಿಂದ.

ದೊಡ್ಡವರ ಬಾಯಿ ಬೇರೆ

ಹದಿನಾಲ್ಕರ ಹುಡುಗನ ಬಾಯಿಗೂ ನಲವತ್ತೈದರವರ ಬಾಯಿಗೂ ಬಹಳ ವ್ಯತ್ಯಾಸ ಇದೆ. ದವಡೆ ಬೆಳೆಯೋದು ನಿಂತಿರತ್ತೆ, ಹಾಗಾಗಿ ದವಡೆಯೇ ಮುಂದೆ ಹಿಂದೆ ಇದ್ರೆ ಕ್ಲಿಪ್ಪಿಂದ ಅದು ಸರಿಯಾಗಲ್ಲ. ಬಾಯಲ್ಲಿ ಆಗಲೇ ಒಂದೆರಡು ಹಲ್ಲು ಕೀಳಿಸಿರ್ತಾರೆ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿರ್ತಾರೆ, ಹೋದ ಹಲ್ಲಿನ ಜಾಗಕ್ಕೆ ಬ್ರಿಜ್ ಇರತ್ತೆ. ಶುಗರ್ ಇರತ್ತೆ, ಮೂಳೆ ಸವೆತಕ್ಕೆ ಮಾತ್ರೆ ತಗೋತಿರ್ತಾರೆ, ಆ ಮಾತ್ರೆಗಳಲ್ಲಿ ಕೆಲವು ಹಲ್ಲು ಸರಿಯೋದನ್ನೇ ನಿಧಾನ ಮಾಡ್ತವೆ.

ಎಲ್ಲಕ್ಕಿಂತ ದೊಡ್ಡದು ವಸಡಿನ ಕಾಯಿಲೆ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ಸಿಗರೇಟು, ವರ್ಷಗಟ್ಟಲೆ ಕ್ಲೀನ್ ಮಾಡಿಸದೇ ಹಲ್ಲಿಗೆ ಕಟ್ಟಿರೋ ಗಾರೆ, ಇವೆಲ್ಲ ಸೇರಿ ನೋವೇ ಇಲ್ಲದೆ ಮೂಳೆ ತಿಂದು ಹಾಕಿರ್ತವೆ. ಇಲ್ಲಿ ಒಂದು ವಿಷಯ ಜನಕ್ಕೆ ಗೊತ್ತಾಗಲೇಬೇಕು: ಮೊದಲು ನೆಟ್ಟಗಿದ್ದ ಮುಂದಿನ ಹಲ್ಲುಗಳು ನಲವತ್ತರ ಆಸುಪಾಸಲ್ಲಿ ಮುಂದಕ್ಕೆ ಬಾಗ್ತಾ, ನಡುವೆ ಸಂದಿ ಬಿಡ್ತಾ ಬಂದ್ರೆ ಅದು ಎಷ್ಟೋ ಸಲ ವಸಡಿನ ಕಾಯಿಲೆಯ ಲಕ್ಷಣವೇ ಆಗಿರತ್ತೆ, ಬುಡದ ಮೂಳೆ ಹೋಗಿ ಹಲ್ಲು ಜಾರ್ತಿರತ್ತೆ. ಅದನ್ನ ಕನ್ನಡಿಯಲ್ಲಿ ನೋಡಿದವರು ಹಲ್ಲು ಸೊಟ್ಟ ಆಯ್ತು, ಅಲೈನರ್ ಹಾಕಿಸಿದ್ರೆ ಸರಿ ಹೋಗತ್ತೆ ಅಂದ್ಕೊಂಡು ಫಾರ್ಮ್ ತುಂಬ್ತಾರೆ. ಉರಿಯೂತ ಇರೋ ವಸಡಿನ ಮೇಲೆ ಒತ್ತಡ ಬಿದ್ರೆ ಇರೋ ಮೂಳೆಯೂ ಬೇಗ ಹೋಗತ್ತೆ, ಕಡೆಗೆ ಹಲ್ಲೇ ಅಲ್ಲಾಡೋಕೆ ಶುರುವಾಗತ್ತೆ.

ಇದನ್ನ ಪತ್ತೆ ಹಚ್ಚೋದು ಹೆಂಗೆ? ಡಾಕ್ಟ್ರು ಪ್ರೋಬ್ ಅನ್ನೋ ಸಣ್ಣ ಕಡ್ಡಿ ಥರದ್ದನ್ನ ಹಲ್ಲಿಗೂ ವಸಡಿಗೂ ಮಧ್ಯ ಮೆಲ್ಲಗೆ ಇಳಿಸ್ತಾರೆ, ಅದರ ಮೇಲೆ ಮಿಲಿಮೀಟರ್ ಗೆರೆ ಇರತ್ತೆ. ಮೂರರ ಒಳಗಿದ್ರೆ ಸಾಮಾನ್ಯವಾಗಿ ಸರಿ, ನಾಲ್ಕು ಐದು ದಾಟ್ತಾ ಹೋದ್ರೆ ಅಲ್ಲಿ ಗುಳಿ ಬಿದ್ದಿದೆ ಅಂತ. ಒಂದು ಹಲ್ಲಿಗೆ ಸುತ್ತಲೂ ಆರು ಕಡೆ ಹೀಗೆ ಅಳೀತಾರೆ, ರಕ್ತ ಬರತ್ತಾ ನೋಡ್ತಾರೆ. ಜೊತೆಗೆ ಎರಡೂ ದವಡೆ ಪೂರ್ತಿ ಕಾಣೋ ಒಪಿಜಿ ಎಕ್ಸ್‌ರೇ. ಅಲೈನರ್ ಕಂಪನಿಯವರು ಮನೆಗೆ ಬಂದು ಮಾಡೋ ಸ್ಕ್ಯಾನಲ್ಲಿ ಇದ್ಯಾವುದೂ ಬರಲ್ಲ, ಸ್ಕ್ಯಾನರಿಗೆ ಕಾಣೋದು ವಸಡಿನ ಮೇಲೆ ಇರೋದಷ್ಟೇ, ಬೇರೂ ಕಾಣಲ್ಲ ಮೂಳೆಯೂ ಕಾಣಲ್ಲ.

ಹಾಗಂತ ವಸಡಿನ ತೊಂದರೆ ಇದ್ದವರು ಹಲ್ಲು ನೆಟ್ಟಗೆ ಮಾಡಿಸಲೇಬಾರದು ಅಂತಲ್ಲ. ಮೊದಲು ಅದಕ್ಕೆ ಟ್ರೀಟ್‌ಮೆಂಟ್ ತಗೊಂಡು, ಹತೋಟಿಗೆ ಬಂದ ಮೇಲೆ, ಒತ್ತಡ ಕಮ್ಮಿ ಇಟ್ಟು ಮಾಡ್ತಾರೆ. ಆ ಕ್ರಮ ತಪ್ಪಬಾರದು ಅಷ್ಟೇ.

ಕಂಪ್ಯೂಟರ್ ತೋರಿಸೋ ನಗು, ಬಾಯಲ್ಲಿ ಬರೋ ನಗು

ಶುರುವಲ್ಲಿ ಒಂದು ವಿಡಿಯೋ ತೋರಿಸ್ತಾರೆ, ಸೊಟ್ಟ ಹಲ್ಲುಗಳು ಕಣ್ಮುಂದೆ ಸಾಲಾಗಿ ನಿಲ್ತವೆ. ಅದು ಯೋಜನೆ, ಫಲಿತಾಂಶ ಅಲ್ಲ. ಇನ್ವಿಸಲೈನ್ ಮೇಲೇ ಮಾಡಿದ ಅಧ್ಯಯನ ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ, ಅಂದ್ರೆ ಹಲ್ಲು ನೆಟ್ಟಗೆ ಮಾಡೋ ತಜ್ಞ ಡಾಕ್ಟ್ರುಗಳ, ಜರ್ನಲ್ಲಲ್ಲಿ 2009ರಲ್ಲಿ ಬಂತು: ಕಂಪ್ಯೂಟರ್ ಹಾಕಿಕೊಟ್ಟ ಚಲನೆಯಲ್ಲಿ ಬಾಯಲ್ಲಿ ನಿಜವಾಗಿ ಆಗಿದ್ದು ಸರಾಸರಿ ಶೇಕಡಾ 41. 2020ರಲ್ಲಿ ಮತ್ತೆ ಅಳೆದಾಗ ಅದು ಶೇಕಡಾ 50ಕ್ಕೆ ಬಂದಿತ್ತು. ಸುಧಾರಣೆ ಆಗಿದೆ, ಆದ್ರೆ ಮೊದಲ ಸೆಟ್ ಟ್ರೇಗಳಲ್ಲೇ ಎಲ್ಲಾ ಮುಗಿಯತ್ತೆ ಅಂತ ನಂಬೋ ಹಾಗಿಲ್ಲ. ಮಧ್ಯದಲ್ಲಿ ನಿಲ್ಲಿಸಿ, ಎಲ್ಲಿ ಹಿಂದೆ ಬಿದ್ದಿದೆ ನೋಡಿ, ಮತ್ತೆ ಸ್ಕ್ಯಾನ್ ಮಾಡಿ ಹೊಸ ಟ್ರೇ ಮಾಡಿಸಬೇಕಾಗತ್ತೆ. ಅದಕ್ಕೆ ಡಾಕ್ಟ್ರು ಬೇಕು, ಆ ಎರಡನೇ ಸೆಟ್ಟಿಗೆ ಮತ್ತೆ ದುಡ್ಡಾ ಅಂತ ಮೊದಲೇ ಕೇಳಿರಬೇಕು.

ಸ್ವಲ್ಪ ಒತ್ತೊತ್ತಾಗಿರೋ ಮುಂದಿನ ಹಲ್ಲು, ಸಣ್ಣ ಸಂದಿ, ಚಿಕ್ಕ ವಯಸ್ಸಲ್ಲಿ ಕಂಬಿ ಹಾಕಿಸಿ ರಿಟೇನರ್ ಬಿಟ್ಟಿದ್ದಕ್ಕೆ ವಾಪಸ್ ಸರಿದ ಹಲ್ಲು, ಇವಕ್ಕೆ ಅಲೈನರ್ ಚೆನ್ನಾಗಿ ಆಗತ್ತೆ. ತಿರುಚಿಕೊಂಡಿರೋ ಕೋರೆ ಹಲ್ಲು, ದುಂಡಗಿರೋ ಹಲ್ಲುಗಳನ್ನ ತಿರುಗಿಸೋದು ಕಷ್ಟ, ಯಾಕಂದ್ರೆ ಪ್ಲಾಸ್ಟಿಕ್ಕಿಗೆ ಹಿಡಿತ ಸಿಗಲ್ಲ. ಆ ಹಿಡಿತಕ್ಕೇ ಹಲ್ಲಿನ ಬಣ್ಣದ್ದೇ ಸಣ್ಣ ಗುಬುಟುಗಳನ್ನ ಹಲ್ಲಿನ ಮೇಲೆ ಅಂಟಿಸ್ತಾರೆ, ಇದನ್ನ ಕೊರಿಯರಲ್ಲಿ ಕಳಿಸೋಕಾಗಲ್ಲ, ಕುರ್ಚಿ ಮೇಲೆ ಮಲಗಿಸಿಯೇ ಮಾಡಬೇಕು. ಹಲ್ಲು ಕಿತ್ತು ಆ ದೊಡ್ಡ ಜಾಗ ಮುಚ್ಚಬೇಕಾದ ಕೇಸುಗಳಲ್ಲಿ ಎಷ್ಟೋ ಡಾಕ್ಟ್ರು ಈಗಲೂ ಕಂಬಿಯೇ ವಾಸಿ ಅಂತಾರೆ.

ಇಪ್ಪತ್ತೆರಡು ಗಂಟೆ ಲೆಕ್ಕ

ತೆಗೆದು ಹಾಕಬಹುದು ಅನ್ನೋದೇ ಇದರ ದೊಡ್ಡ ಆಕರ್ಷಣೆ, ದೊಡ್ಡ ದೌರ್ಬಲ್ಯವೂ ಅದೇ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಉಳಿಯೋದು ಎರಡರಿಂದ ನಾಲ್ಕು ಗಂಟೆ, ಅದರೊಳಗೆ ತಿಂಡಿ, ಊಟ, ಕಾಫಿ, ಹಲ್ಲುಜ್ಜೋದು ಎಲ್ಲಾ. ನಮ್ಮ ಕಡೆ ಕಾಫಿ ಒಂದು ಸಲಕ್ಕೆ ನಿಲ್ಲಲ್ಲ, ಯಾರಾದ್ರೂ ಬಂದ್ರೆ ಒಂದು ಲೋಟ, ಆಫೀಸಲ್ಲಿ ಒಂದು, ಸಂಜೆ ಒಂದು. ಪ್ರತಿ ಸಲ ತೆಗೀಬೇಕು, ಬಾಯಿ ಮುಕ್ಕಳಿಸಬೇಕು, ಮತ್ತೆ ಹಾಕಬೇಕು. ತೆಗೀದೇ ಬಿಸಿ ಕಾಫಿ ಕುಡಿದ್ರೆ ಪ್ಲಾಸ್ಟಿಕ್ ಆಕಾರ ಕೆಡಬಹುದು, ಬಣ್ಣ ಹಿಡಿಯತ್ತೆ, ಅದಕ್ಕಿಂತ ಕೆಟ್ಟದು ಏನಂದ್ರೆ ಸಕ್ಕರೆ ಹಲ್ಲಿಗೂ ಟ್ರೇಗೂ ಮಧ್ಯ ಸಿಕ್ಕಿಹಾಕ್ಕೊಂಡು ಕೂರತ್ತೆ, ಅಲ್ಲಿಗೆ ಎಂಜಲು ಹೋಗಿ ತೊಳಿಯೋಕಾಗಲ್ಲ, ಹುಳುಕು ಶುರುವಾಗತ್ತೆ. ಕಬ್ಬಿನ ಹಾಲು, ಎಳನೀರು, ಜ್ಯೂಸು, ಎಲ್ಲಕ್ಕೂ ಇದೇ ಮಾತು, ಟ್ರೇ ಬಾಯಲ್ಲಿದ್ದಾಗ ನೀರು ಮಾತ್ರ.

ಮಂಡ್ಯದಿಂದ ದಿನಾ ಬೆಳಿಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರೋರಿಗೆ ಹಲ್ಲುಜ್ಜೋಕೆ ಜಾಗ ಎಲ್ಲಿ ಅನ್ನೋದೂ ಪ್ರಶ್ನೆಯೇ. ಮದುವೆ ಊಟಕ್ಕೆ ಕೂತಾಗ ಟ್ರೇ ತೆಗೆದು ಟಿಶ್ಯೂನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟು, ಎಲೆ ಎತ್ತೋವಾಗ ಅದೂ ಹೋಗಿಬಿಡೋದು ಬಹಳ ಸಾಮಾನ್ಯ, ಅದಕ್ಕೇ ಡಬ್ಬಿ ಜೇಬಲ್ಲಿರಬೇಕು ಅಂತ ಡಾಕ್ಟ್ರು ಹೇಳೋದು. ಕಳೆದುಹೋದ್ರೆ ಮುಂದಿನ ಟ್ರೇ ಹಾಕಬೇಕಾ, ಹಿಂದಿನದಾ ಅಂತ ಡಾಕ್ಟ್ರನ್ನ ಕೇಳದೆ ತೀರ್ಮಾನ ಮಾಡಬಾರದು.

ಇನ್ನು ಟ್ರೀಟ್‌ಮೆಂಟ್ ಮುಗಿದ ಮೇಲೂ ರಾತ್ರಿ ರಿಟೇನರ್ ಹಾಕ್ತಾನೇ ಇರಬೇಕು. ವಸಡಿನ ನಾರುಗಳು ಹಲ್ಲನ್ನ ಹಳೇ ಜಾಗಕ್ಕೆ ಎಳೀತಾ ಇರ್ತವೆ, ವಯಸ್ಸಾಗ್ತಾ ಕೆಳಗಿನ ಹಲ್ಲು ತಾನಾಗೇ ಒತ್ತೊತ್ತಾಗೋದೂ ಇದೆ. ಕೆಲವೇ ತಿಂಗಳು ಅನ್ನೋ ಜಾಹೀರಾತಲ್ಲಿ ಇದು ದಪ್ಪ ಅಕ್ಷರದಲ್ಲಿ ಇರಲ್ಲ.

ಎರಡೂ ಕಡೆಯ ವಾದ

ಮನೆಗೇ ಕಳಿಸೋ ಕಂಪನಿಗಳ ವಾದ ಪೂರ್ತಿ ತಳ್ಳಿಹಾಕೋ ಅಂಥದ್ದಲ್ಲ. ಹಲ್ಲು ನೆಟ್ಟಗೆ ಮಾಡೋದ್ರಲ್ಲೇ ಎಂಡಿಎಸ್ ಅನ್ನೋ ಸ್ನಾತಕೋತ್ತರ ಪದವಿ ಮಾಡಿದ ಆರ್ಥೊಡಾಂಟಿಸ್ಟ್‌ಗಳು ಹೆಚ್ಚಾಗಿ ಪಟ್ಟಣಗಳಲ್ಲೇ ಇರ್ತಾರೆ. ನಾಗಮಂಗಲ, ಕೆ.ಆರ್.ಪೇಟೆ, ಎಚ್.ಡಿ.ಕೋಟೆ ಕಡೆಯಿಂದ ತಿಂಗಳಿಗೊಂದು ಸಲ ಮೈಸೂರಿಗೆ ಬಂದು ಹೋಗೋದು ಅಂದ್ರೆ ಒಂದು ದಿನದ ಕೂಲಿಯೋ ರಜೆಯೋ ಹೋಯ್ತು. ಫೋಟೋ ಕಳಿಸಿ ನೋಡಿಸ್ಕೊಂಡ್ರೆ ಓಡಾಟ ಕಮ್ಮಿ, ಖರ್ಚೂ ಕಮ್ಮಿ, ಇಷ್ಟು ದಿನ ದುಡ್ಡಿದ್ದವರಿಗೆ ಮಾತ್ರ ಇದ್ದಿದ್ದು ಎಲ್ಲರಿಗೂ ಸಿಗತ್ತೆ ಅಂತಾರೆ.

ಡಾಕ್ಟ್ರ ಸಂಘಗಳು ಹೇಳೋದು, ಹಲ್ಲು ಸರಿಸೋದು ವೈದ್ಯಕೀಯ ಚಿಕಿತ್ಸೆ, ಸಾಮಾನು ಮಾರಾಟ ಅಲ್ಲ, ಪರೀಕ್ಷೆ ಇಲ್ಲದೆ ಶುರು ಮಾಡೋ ಹಾಗಿಲ್ಲ ಅಂತ. ಇದರಲ್ಲಿ ಅವರ ಸಂಪಾದನೆಯ ಪ್ರಶ್ನೆಯೂ ಇದೆ, ಅದನ್ನ ಮುಚ್ಚಿಡಬೇಕಾಗಿಲ್ಲ. ಆದ್ರೆ ಮೇಲೆ ಹೇಳಿದ ಮೂಳೆ, ವಸಡಿನ ಮಾತು ಯಾರ ಸಂಪಾದನೆಗೂ ಸಂಬಂಧ ಇಲ್ಲದ ಸತ್ಯ. ನನ್ನ ಪ್ರಕಾರ ಮೊದಲ ಪರೀಕ್ಷೆ ಎದುರಿಗೇ ಆಗಬೇಕು, ನಡುವಿನ ಕೆಲವು ತಪಾಸಣೆ ಫೋಟೋದಲ್ಲಿ ಆದ್ರೆ ತೊಂದರೆಯಿಲ್ಲ, ಎಡವಟ್ಟಾದಾಗ ಹೋಗಿ ಕೂರೋಕೆ ಒಂದು ಕುರ್ಚಿ ಇರಲೇಬೇಕು.

ಬೈಟ್ ವಿಷಯದಲ್ಲಿ ಹೊರಗೆ ಬಂದಿದ್ದು ಇದೇ ತೊಡಕು. ಆ ಬ್ರಾಂಡನ್ನ ಸುಮಾರು 100 ಕೋಟಿ ಡಾಲರ್ ಕೊಟ್ಟು ತಗೊಂಡಿದ್ದ ಡೆಂಟ್ಸ್‌ಪ್ಲೈ ಸಿರೋನಾ ಕಂಪನಿ, ಅಲೈನರ್ ಹಾಕಬಾರದಂಥ ಬಾಯಿ ಇರೋರನ್ನ ಶುರುವಲ್ಲೇ ತಡೆಯೋಕೆ ತನ್ನ ವ್ಯವಸ್ಥೆ ಸಾಲದೇ ಇರಬಹುದು ಅಂತ ತಾನೇ ಒಪ್ಪಿಕೊಂಡು ಮಾರಾಟ ನಿಲ್ಲಿಸ್ತು.

ಕಂಪನಿ ಮುಚ್ಚಿದ್ರೂ ಕಂತು ನಿಲ್ಲಲ್ಲ

ಸ್ಮೈಲ್ ಡೈರೆಕ್ಟ್ ಕ್ಲಬ್ ಕಥೆಯಿಂದ ಕಲಿಯೋದು ದುಡ್ಡಿನ ವಿಷಯ. 2014ರಲ್ಲಿ ಶುರುವಾಗಿ, 2019ರಲ್ಲಿ ಷೇರು ಮಾರುಕಟ್ಟೆಗೆ ಬಂದು, 2023ರ ಸೆಪ್ಟೆಂಬರಲ್ಲಿ ದಿವಾಳಿ ಅರ್ಜಿ ಹಾಕಿ, ಡಿಸೆಂಬರ್ 8ಕ್ಕೆ ಪೂರ್ತಿ ಮುಚ್ತು. ಅರ್ಧ ಟ್ರೇ ಮುಗಿಸಿದವರು ಅಲ್ಲೇ ನಿಂತ್ರು, ಜೀವಮಾನ ಪೂರ್ತಿ ಗ್ಯಾರಂಟಿ ಅಂದಿದ್ದೂ ಹೋಯ್ತು, ಆದ್ರೆ ಕಂತಲ್ಲಿ ತಗೊಂಡವರು ಬಾಕಿ ಕಟ್ಟಬೇಕು ಅಂತ ಕಂಪನಿ ತಿಳಿಸ್ತು.

ಇಲ್ಲಿ ಹಾಗಾದ್ರೆ ಏನಾಗತ್ತೆ? ನಮ್ಮ ಕಡೆ ಕಂಬಿ ಕ್ಲಿಪ್ಪಿಗೆ ಅಂದಾಜು ಮೂವತ್ತರಿಂದ ಅರವತ್ತು ಸಾವಿರ, ಅಲೈನರಿಗೆ ಅರವತ್ತು ಸಾವಿರದಿಂದ ಹಿಡಿದು ಎರಡು ಮೂರು ಲಕ್ಷದವರೆಗೂ ಹೇಳ್ತಾರೆ, ಕೇಸು, ಬ್ರಾಂಡು, ಡಾಕ್ಟ್ರು ನೋಡ್ಕೊಂಡು. ಹೆಲ್ತ್ ಇನ್ಶೂರೆನ್ಸ್‌ಗಳು ಸಾಮಾನ್ಯವಾಗಿ ಇದಕ್ಕೆ ಕೊಡಲ್ಲ. ಹಾಗಾಗಿ ಹೆಚ್ಚಿನವರು ಬಡ್ಡಿಯಿಲ್ಲದ ಇಎಂಐ ಅಂತ ಹೇಳಿದ್ದಕ್ಕೆ ಸೈನ್ ಹಾಕ್ತಾರೆ. ಆ ಇಎಂಐ ಎಷ್ಟೋ ಸಲ ಕ್ಲಿನಿಕ್ಕಿನದ್ದಲ್ಲ, ಒಂದು ಫೈನಾನ್ಸ್ ಕಂಪನಿಯ ಸಾಲ. ಅವರು ಪೂರ್ತಿ ದುಡ್ಡನ್ನ ಅಲೈನರ್ ಮಾರೋರಿಗೆ ಮೊದಲೇ ಕೊಟ್ಟುಬಿಟ್ಟಿರ್ತಾರೆ. ಟ್ರೇ ಬರೋದು ನಿಂತ್ರೂ ಸಾಲದ ಕಾಗದ ಬೇರೆಯೇ ಆದ್ದರಿಂದ ಕಂತು ಕೇಳ್ತಾನೇ ಇರ್ತಾರೆ, ಕಟ್ಟದಿದ್ರೆ ನಿಮ್ಮ ಸಿಬಿಲ್ ಸ್ಕೋರ್ ಕೆಡತ್ತೆ.

ಆಪ್ ಮೂಲಕ ಕೊಡೋ ಸಾಲಗಳಿಗೆ 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದಿದೆ. ಒಟ್ಟು ಖರ್ಚು ಎಷ್ಟು ಅಂತ ಒಂದು ಹಾಳೆಯಲ್ಲಿ ಮೊದಲೇ ಕೊಡಬೇಕು, ಶುರುವಿನ ಕೆಲವು ದಿನದೊಳಗೆ ಬೇಡ ಅಂದ್ರೆ ಅಸಲು, ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಗೆ ಬರಬಹುದು. ಆ ಹಾಳೆ ಕೇಳಿ ತಗೊಳ್ಳಿ. ಆದಷ್ಟೂ ಟ್ರೀಟ್‌ಮೆಂಟ್ ನಡೆದ ಹಾಗೆ ಕ್ಲಿನಿಕ್ಕಿಗೇ ಭಾಗ ಭಾಗವಾಗಿ ಕಟ್ಟೋ ಏರ್ಪಾಡು ಮಾಡ್ಕೊಳ್ಳಿ, ಮಧ್ಯದಲ್ಲಿ ನಿಂತ್ರೆ ಹೋಗೋದು ಕಟ್ಟಿದಷ್ಟು ಮಾತ್ರ.

ಮೈಸೂರು ಮಂಡ್ಯದವರು ಏನು ನೋಡಬೇಕು

ಮೊದಲನೇದು, ನಿಮ್ಮ ಕೇಸಿನ ಜವಾಬ್ದಾರಿ ಹೊತ್ತಿರೋ ಡಾಕ್ಟ್ರ ಹೆಸರು, ರಾಜ್ಯ ಡೆಂಟಲ್ ಕೌನ್ಸಿಲ್ಲಿನ ರಿಜಿಸ್ಟ್ರೇಷನ್ ನಂಬರ್ ಕೇಳಿ. ನಮ್ಮ ತಂಡ ನೋಡ್ಕೊಳ್ಳತ್ತೆ ಅನ್ನೋದು ಉತ್ತರ ಅಲ್ಲ. ಆರ್ಥೊಡಾಂಟಿಕ್ಸಲ್ಲಿ ಎಂಡಿಎಸ್ ಆಗಿದ್ಯಾ ಅಂತ ಕೇಳೋಕೆ ಸಂಕೋಚ ಬೇಡ. ಕ್ಲಿನಿಕ್ಕಿಗೆ ಕೆಪಿಎಂಇ, ಅಂದ್ರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಇರಬೇಕು, ರೇಟು ಕಾಣೋ ಹಾಗೆ ಹಾಕಿರಬೇಕು.

ಖರ್ಚು ಜಾಸ್ತಿ ಅನ್ನಿಸಿದ್ರೆ ಮೈಸೂರಲ್ಲೇ ಜೆಎಸ್‌ಎಸ್, ಫಾರೂಕಿಯಾ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ಹೋಗಿ ವಿಚಾರಿಸಬಹುದು. ಡೆಂಟಲ್ ಕಾಲೇಜುಗಳಲ್ಲಿ ಕಲೀತಿರೋ ಡಾಕ್ಟ್ರು ಪ್ರೊಫೆಸರ್‌ಗಳ ಕಣ್ಣಳತೆಯಲ್ಲಿ ನೋಡ್ತಾರೆ, ಪ್ರೈವೇಟ್ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಮ್ಮಿ ಆಗತ್ತೆ, ಕಾಯೋ ಸಮಯ ಜಾಸ್ತಿ. ಅಲೈನರೇ ಬೇಕು ಅಂತ ಮನಸ್ಸು ಮಾಡಿದ್ರೂ ಒಂದು ಸಲ ಬೇರೆಯವರ ಹತ್ರ ವಸಡು ತೋರಿಸಿ, ಒಪಿಜಿ ತೆಗೆಸಿ, ಎರಡನೇ ಅಭಿಪ್ರಾಯ ತಗೊಳ್ಳೋಕೆ ಆಗೋ ಖರ್ಚು ದೊಡ್ಡದಲ್ಲ.

ಈಗಾಗಲೇ ಅರ್ಧ ದಾರಿಯಲ್ಲಿ ಸಿಕ್ಕಿಹಾಕ್ಕೊಂಡಿರೋರು, ಟ್ರೇ ಬರೋದು ನಿಂತಿದೆ, ಫೋನ್ ಎತ್ತಲ್ಲ ಅನ್ನೋರು, ಕೊನೇ ಸಲ ಸರಿಯಾಗಿ ಕೂತ ಟ್ರೇಯನ್ನ ಬಿಸಾಕಬೇಡಿ, ಡಾಕ್ಟ್ರನ್ನ ನೋಡೋವರೆಗೂ ಅದನ್ನೇ ಹಾಕ್ಕೊಳ್ಳಿ, ಇಲ್ಲಾಂದ್ರೆ ಹಲ್ಲು ವಾಪಸ್ ಸರಿಯತ್ತೆ. ಹಲ್ಲು ಅಲ್ಲಾಡ್ತಿದ್ರೆ, ವಸಡಲ್ಲಿ ರಕ್ತ ಕೀವು ಬರ್ತಿದ್ರೆ, ಕಚ್ಚಿದಾಗ ಮೇಲಿನ ಕೆಳಗಿನ ದವಡೆ ಹಲ್ಲು ಕೂಡ್ತಿಲ್ಲ ಅನ್ನಿಸಿದ್ರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ. ಸ್ಕ್ಯಾನ್ ಫೈಲು, ಟ್ರೀಟ್‌ಮೆಂಟ್ ಪ್ಲಾನು, ಬಿಲ್ಲು, ವಾಟ್ಸಾಪ್ ಮಾತುಕತೆ ಎಲ್ಲಾ ತೆಗೆದಿಟ್ಕೊಳ್ಳಿ, ಹೊಸ ಡಾಕ್ಟ್ರಿಗೂ ಬೇಕಾಗತ್ತೆ, ದೂರಿಗೂ ಬೇಕಾಗತ್ತೆ.

ದೂರು ಕೊಡೋಕೆ ಮೊದಲು 1915 ಗ್ರಾಹಕ ಸಹಾಯವಾಣಿ ಇದೆ. ದುಡ್ಡು ತಗೊಂಡು ಕೊಡೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವೇ ಹೋಗಿ ದೂರು ಹಾಕಬಹುದು, ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ರೆ ಶುಲ್ಕವಿಲ್ಲ. ಕಂಪನಿ ಮುಂಬೈಲೋ ದೆಹಲಿಲೋ ಇದ್ರೂ ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕೋಕೆ 2019ರ ಕಾಯ್ದೆ ಅವಕಾಶ ಕೊಟ್ಟಿದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಹಾಗಾಗಿ ಕಂಪನಿಯವರು ಇವತ್ತು ನಾಳೆ ಅಂತ ಎಳೀತಿದ್ರೆ ಕಾಯ್ತಾ ಕೂರಬೇಡಿ.